ರಿಸೆಟ್ ಗುಂಡಿ ಒತ್ತಿ ಹಿಡಿದವರು

ಪತ್ರಿಕೆಯ ಪುರವಣಿ ವಿಭಾಗದಲ್ಲಿದ್ದಷ್ಟು ಕಾಲ ಓದುಗರು ಕಳಿಸುವ ವಿಚಿತ್ರ ಅನುಭವಗಳನ್ನು ತಿದ್ದುವ ಕೆಲಸ ನನ್ನದಾಗಿತ್ತು. ತಿದ್ದಿದ್ದಕ್ಕಿಂತ ತಿರಸ್ಕರಿಸಿದ್ದೇ ಹೆಚ್ಚು. ಅಂಥ ಬರಹಗಳು ಸಾಮಾನ್ಯವಾಗಿ ಯಾವುದೋ ಒಂದು ವಾಕ್ಯದ ಮೇಲೆ ನಿಂತಿರುತ್ತವೆ. ಆ ವಾಕ್ಯವನ್ನು ಹುಡುಕಿ ನಾಲ್ಕು ಪ್ರಶ್ನೆ ಕೇಳಿದರೆ ಸಾಕು, ಉಳಿದದ್ದೆಲ್ಲ ತಾನೇ ಕುಸಿಯುತ್ತದೆ. ಕೋಣೆಯಲ್ಲಿ ಬೆಳಕು ಎಷ್ಟಿತ್ತು? ಬರೆದವರು ಕನ್ನಡಕ ಹಾಕಿದ್ದರೇ? ಹಿಂದಿನ ದಿನ ನಿದ್ದೆ ಮಾಡಿದ್ದರೇ? ಬಾಗಿಲಿನ ಇನ್ನೊಂದು ಬೀಗದಕೈ ಯಾರ ಬಳಿ ಇತ್ತು? ಸತ್ತವರು ಬಂದು ಹೋದರು ಎಂದು ಬರೆದವರನ್ನು ನಾನು ಸುಳ್ಳುಗಾರರು ಎಂದುಕೊಂಡಿರಲಿಲ್ಲ. ದುಃಖದಲ್ಲಿರುವವರು ಸರಿಯಾಗಿ ನೋಡುವುದಿಲ್ಲ ಎಂದುಕೊಂಡಿದ್ದೆ, ಅಷ್ಟೇ.

ಈಗ ಹೇಳಲಿರುವ ಘಟನೆಗೂ ಅವೇ ಪ್ರಶ್ನೆಗಳನ್ನು ಹಾಕಿ ನೋಡಿದ್ದೇನೆ. ಕೆಲವಕ್ಕೆ ಉತ್ತರ ಸಿಕ್ಕಿದೆ, ಕೆಲವಕ್ಕೆ ಸಿಕ್ಕಿಲ್ಲ. ಇಂಥವು ರಾತ್ರಿ ಹೊತ್ತು ನಡೆಯಬೇಕೆಂಬ ರೂಢಿ ಇದೆ. ಇದು ನಡೆದದ್ದು ಕೆಲವು ವರ್ಷಗಳ ಹಿಂದೆ, ಒಂದು ಭಾನುವಾರ ಮಧ್ಯಾಹ್ನ, ಗೋವಿಂದರಾಜನಗರದ ನಮ್ಮ ಬಾಡಿಗೆ ಕಟ್ಟಡದ ಎರಡನೇ ಮಹಡಿಯಲ್ಲಿ. ಕೆಳಗೆ ಬೀದಿಯಲ್ಲಿ ಹಳೇ ಪೇಪರ್ ಗಾಡಿಯವನು ಕೂಗುತ್ತಾ ಹೋಗುತ್ತಿದ್ದ.

ಆ ಮಹಡಿಯಲ್ಲಿ ಉಮಾಪತಿ, ಅವನ ಹೆಂಡತಿ ಶೈಲಜಾ, ಅವನ ತಾಯಿ ಪಾರ್ವತಮ್ಮ ಇದ್ದರು. ಉಮಾಪತಿ ಹಾವೇರಿ ಕಡೆಯವನು, ಒಂದು ಕಂಪನಿಯಲ್ಲಿ ಎಲೆಕ್ಟ್ರಾನಿಕ್ಸ್ ಕೆಲಸ. ನಾನು ನೆಲಮಹಡಿಯವನು. ಪತ್ರಿಕೆಗೆ ಬರುವ ಮೊದಲು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದ್ದೆ ಎಂಬುದು ಗೊತ್ತಾದ ಮೇಲೆ ಅವನು ನನ್ನನ್ನು ಬಿಡಲಿಲ್ಲ. ಏನಾದರೂ ಹೊಸದು ಮಾಡಿದರೆ ಮೇಲಿಂದ ಕೂಗುತ್ತಿದ್ದ. "ಬರ್ರಿ ಸರ, ಒಂದ್ ಮಜಾ ತೋರಸ್ತೀನಿ."

ಪಾರ್ವತಮ್ಮನಿಗೆ ಪಾರ್ಶ್ವವಾಯು ಹೊಡೆದು ಮಾತು ನಿಂತಿತ್ತು. ಕುತ್ತಿಗೆಯ ಕೆಳಗೆ ಬಲಗೈಯ ಎರಡು ಬೆರಳು ಬಿಟ್ಟರೆ ಬೇರೇನೂ ಆಡುತ್ತಿರಲಿಲ್ಲ. ಬುದ್ಧಿ ಸ್ಪಷ್ಟವಾಗಿತ್ತು, ಅದೇ ಕಷ್ಟ. ಉಮಾಪತಿ ಅವರಿಗಾಗಿ ಒಂದು ಪೆಟ್ಟಿಗೆ ಮಾಡಿದ್ದ. ಕೈಯ ಕೆಳಗೆ ಮೂರು ಮೆತ್ತನೆಯ ಪಟ್ಟಿಗಳು: ಒಂದು ನೀರಿಗೆ, ಒಂದು ಮಗ್ಗುಲು ಬದಲಿಸಲು, ಇನ್ನೊಂದು ಬಚ್ಚಲಿಗೆ. ಯಾವುದನ್ನು ಮುಟ್ಟಿದರೆ ಅದರದೇ ಸದ್ದು ಅಡುಗೆಮನೆಯಲ್ಲಿ ಬರುತ್ತಿತ್ತು. ಕೇಳಿದರೆ ಸುಲಭ ಅನಿಸುತ್ತದೆ. ಆದರೆ ಆ ಬೆರಳುಗಳಿಗೆ ನಡುಕವಿತ್ತು. ಯಾವುದು ನಡುಕ, ಯಾವುದು ಬೇಕೆಂದೇ ಒತ್ತಿದ್ದು ಎಂದು ಪೆಟ್ಟಿಗೆಗೆ ಕಲಿಸುವುದಕ್ಕೆ ಅವನು ತಿಂಗಳುಗಟ್ಟಲೆ ತಾಯಿಯ ಪಕ್ಕ ಕೂತಿದ್ದ. ಕಲಿಸಿದ್ದೆಲ್ಲ ಪೆಟ್ಟಿಗೆಯೊಳಗೆ ಅಂಗೈಯಷ್ಟು ಹಸಿರು ಬೋರ್ಡ್ ಒಂದರ ಮೇಲಿದ್ದ ಚಿಪ್‌ನಲ್ಲಿತ್ತು.

ಒಂದು ಸಂಜೆ ಕೆಲಸದಿಂದ ಬರುತ್ತಾ ವಿಜಯನಗರ ಮೆಟ್ರೊ ನಿಲ್ದಾಣದ ಮೆಟ್ಟಿಲ ಮೇಲೆ ಉಮಾಪತಿ ಕುಸಿದ. ಮತ್ತೆ ಏಳಲಿಲ್ಲ. ಹೃದಯಾಘಾತ. ದೇಹವನ್ನು ಪಾರ್ವತಮ್ಮನ ಮಂಚ ಇರುವ ಹಾಲ್‌ನಲ್ಲೇ ಮಲಗಿಸಿದ್ದರು. ಅವರು ತಲೆ ಆ ಕಡೆ ತಿರುಗಿಸಿಕೊಂಡು ಕೊನೆಯವರೆಗೂ ನೋಡಿದರು. ಅಳುವುದಕ್ಕೂ ಅವರಿಗೆ ಧ್ವನಿ ಇರಲಿಲ್ಲ.

ಕೆಲವು ತಿಂಗಳ ನಂತರ ಪೆಟ್ಟಿಗೆಯ ಮೇಲೆ ರಾಗಿ ಗಂಜಿ ಚೆಲ್ಲಿತು. ಒರೆಸಿ ಒಣಗಿಸಿದರು. ಒಂದಷ್ಟು ದಿನ ನಡೆಯಿತು. ಆಮೇಲೆ ಒಮ್ಮೆ ಸದ್ದು ಬಂದರೆ ಇನ್ನೊಮ್ಮೆ ಇಲ್ಲ, ಕೊನೆಗೆ ಇಲ್ಲವೇ ಇಲ್ಲ. ಯಾರೋ ಪರಿಚಯದ ಎಂಜಿನಿಯರ್ ಒಬ್ಬರು ಹೊಸ ಪೆಟ್ಟಿಗೆ ಮಾಡಿಕೊಟ್ಟರು. ಅದು ಪ್ರತಿ ನಡುಕಕ್ಕೂ ಕೂಗುತ್ತಿತ್ತು. ಶೈಲಜಾ ಓಡಿ ಬರುವುದು, ಅತ್ತೆ ಏನೂ ಬೇಡವೆಂದು ದೃಷ್ಟಿ ಹೊರಳಿಸುವುದು, ಹೀಗೇ ಎರಡು ದಿನವಾಯಿತು. ಮೂರನೇ ದಿನ ಪಾರ್ವತಮ್ಮ ಬೆರಳು ಮಡಚಿಕೊಂಡರು, ಅದನ್ನು ಮುಟ್ಟಲೇ ಇಲ್ಲ.

ಅಲ್ಲಿಂದ ಇನ್ನೊಂದು ಶುರುವಾಯಿತು. ಅವರು ನೀರು ಕುಡಿಯುವುದನ್ನು ಕಡಿಮೆ ಮಾಡಿದರು. ಕರೆಯಲು ಆಗದೆ ಹಾಸಿಗೆ ಒದ್ದೆ ಮಾಡಿಕೊಳ್ಳುವುದಕ್ಕಿಂತ ಬಾಯಾರಿಕೆ ವಾಸಿ ಎಂದುಕೊಂಡಿರಬೇಕು. ಚಮಚ ತುಟಿಗೆ ತಂದರೆ ಹಲ್ಲು ಕಚ್ಚುತ್ತಿದ್ದರು. ಶೈಲಜಾ ಕೆಳಗೆ ಬಂದು ನಮ್ಮ ಬಾಗಿಲಲ್ಲಿ ನಿಂತು ಹೇಳಿದ ಮಾತು ನೆನಪಿದೆ: "ಡಾಕ್ಟ್ರು ಡ್ರಿಪ್ ಹಾಕೋಣ ಅಂತಾರೆ ಸಾರ್. ಎಷ್ಟು ದಿನ ಅಂತ ಡ್ರಿಪ್ ಹಾಕ್ತಾರೆ? ಅತ್ತೆಗೆ ಕರೆಯೋಕೆ ಬರ್ಬೇಕು. ಅವ್ರು ಮಾಡಿದ್ದ ಆ ಡಬ್ಬಿ ಒಂದ್ ಸಲ ನೋಡ್ತೀರಾ?"

ನೋಡಿದೆ. ಚಿಪ್ ಸತ್ತಿರಲಿಲ್ಲ. ಅದಕ್ಕೆ ವಿದ್ಯುತ್ ಹಂಚುವ ಭಾಗ ಗಂಜಿ ತಿಂದು ಕೆಡುತ್ತಾ ಬಂದಿತ್ತು. ಚಾಲೂ ಮಾಡಿದ ಸ್ವಲ್ಪ ಹೊತ್ತಿಗೆ ಮುಟ್ಟಲಾಗದಷ್ಟು ಬಿಸಿಯಾಗಿ ಸುಟ್ಟ ವಾಸನೆ ಬರುತ್ತಿತ್ತು. ಅದು ಪೂರ್ತಿ ಹೋಗುವ ಮೊದಲು ಚಿಪ್‌ನೊಳಗಿನದನ್ನು ಓದಿ ತೆಗೆದು ಹೊಸ ಬೋರ್ಡ್‌ಗೆ ತುಂಬಬೇಕು. ಬೇರೆ ದಾರಿ ಇರಲಿಲ್ಲ. ಪ್ರೋಗ್ರಾಂ ಬರೆದಿದ್ದ ಲ್ಯಾಪ್‌ಟಾಪ್ ಕಂಪನಿಯದು, ಅವರು ವಾಪಸು ಪಡೆದು ಎಲ್ಲ ಅಳಿಸಿದ್ದರು. ಉಮಾಪತಿ ಬಿಟ್ಟುಹೋದ ಬಿಸ್ಕತ್ ಡಬ್ಬಿಯಲ್ಲಿ ಡಿಬಗರ್ ಸಿಕ್ಕಿತು. ಬೆರಳುದ್ದದ ಸಾಧನ, ಒಂದು ತುದಿ ಕೇಬಲ್ ಮೂಲಕ ಕಂಪ್ಯೂಟರಿಗೆ, ಇನ್ನೊಂದು ತುದಿಯ ತಂತಿಗಳು ಬೋರ್ಡಿಗೆ. ಚಿಪ್‌ನೊಳಗೆ ಹೊರಗಿನಿಂದ ಇಣುಕಲು ಅದೊಂದೇ ಕಿಟಕಿ. ಅದೇ ಮಾದರಿಯ ಹೊಸ ಬೋರ್ಡ್ ಒಂದನ್ನು ಬಿಡಿಭಾಗ ಮಾರುವ ಎಸ್.ಪಿ. ರೋಡಿನಿಂದ ತಂದೆ.

ಭಾನುವಾರ ಊಟ ಮುಗಿಸಿ ಕೂತೆವು. ಬೆಳಗಿನಿಂದ ಮೋಡ ಕವಿದಿತ್ತು, ಮಳೆ ಬರಲಿಲ್ಲ. ಹಾಲ್‌ನಲ್ಲಿ ಮಂಚ, ಅದರ ಕಾಲ ಕಡೆ ಮೇಜು. ನಾನು ಮೇಜಿನ ಈಚೆ, ಲ್ಯಾಪ್‌ಟಾಪ್ ಮುಂದೆ. ಜಾಗ ಸಾಲದೆ ಬೋರ್ಡನ್ನು ಲ್ಯಾಪ್‌ಟಾಪಿನ ಪರದೆಯ ಆಚೆಗೆ ಇಟ್ಟಿದ್ದೆವು. ಆಚೆ ಬದಿಯ ಸ್ಟೂಲಿನ ಮೇಲೆ ಶೈಲಜಾ. ಪಾರ್ವತಮ್ಮ ಎಚ್ಚರವಾಗಿದ್ದರು, ಮುಖ ನಮ್ಮ ಕಡೆಗೇ ಇತ್ತು.

ಪರದೆಯ ಮೇಲೆ ಕೆಂಪು ಸಾಲು ಬಂತು: ಚಿಪ್ ಸಿಗುತ್ತಿಲ್ಲ. ತಂತಿಗಳನ್ನು ಕಿತ್ತು ಮತ್ತೆ ಹಾಕಿದೆ. ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದೆ. ಅದೇ ಸಾಲು. ಪಾಲಿಟೆಕ್ನಿಕ್‌ನ ಗೆಳೆಯ ರಮೇಶ ಇಂಥದರಲ್ಲೇ ಕೆಲಸ ಮಾಡುವವನು. ಅವನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ.

"ಯಾವ ಕೇಬಲ್ ಹಾಕಿದೀಯಾ?"

"ಮನೇಲಿತ್ತಲ್ಲ, ಅದು."

"ಫೋನ್ ಚಾರ್ಜರ್‌ದಾ? ಥೂ ನಿನ್ನ! ಮಗಾ, ಅದರೊಳಗೆ ಕರೆಂಟ್ ಬಿಟ್ರೆ ಡೇಟಾ ತಂತಿನೇ ಇರಲ್ಲ. ಎಲ್ಲರೂ ಮೊದಲು ಅಲ್ಲೇ ಬೀಳೋದು. ಪೇಪರ್‌ನೋನು ನೀನು, ಬಿದ್ದೆ ಬಿಡು."

ಶೈಲಜಾ ನಕ್ಕಳು. ಅವಳು ನಕ್ಕಿದ್ದನ್ನು ನಾನು ಆ ತಿಂಗಳುಗಳಲ್ಲಿ ನೋಡಿರಲಿಲ್ಲ.

ಕೇಬಲ್ ಬದಲಾಯಿಸಿದೆ. ಡಿಬಗರ್ ಸಿಕ್ಕಿತು, ಚಿಪ್ ಸಿಗಲಿಲ್ಲ. ಕಾರಣ ರಮೇಶನೇ ಹೇಳಿದ. ಬ್ಯಾಟರಿ ಉಳಿಯಲೆಂದು ಉಮಾಪತಿ ಚಿಪ್ ಎದ್ದ ತಕ್ಷಣ ನಿದ್ದೆಗೆ ಹೋಗುವಂತೆ ಬರೆದಿರಬೇಕು. ನಿದ್ದೆಯಲ್ಲಿರುವ ಚಿಪ್ ಡಿಬಗರಿಗೆ ಓಗೊಡುವುದಿಲ್ಲ. ಬೋರ್ಡಿನ ಮೇಲೆ ತೊಗರಿಬೇಳೆಯಷ್ಟು ದೊಡ್ಡ ರಿಸೆಟ್ ಗುಂಡಿ ಇರುತ್ತದೆ. ಅದನ್ನು ಒತ್ತಿ ಹಿಡಿದು, ಕಂಪ್ಯೂಟರಿನಲ್ಲಿ ಸಂಪರ್ಕದ ಆಜ್ಞೆ ಕೊಟ್ಟು, ಅದೇ ಗಳಿಗೆಯಲ್ಲಿ ಗುಂಡಿ ಬಿಡಬೇಕು. ಚಿಪ್ ಕಣ್ಣು ಬಿಟ್ಟು ಮತ್ತೆ ಮುಚ್ಚುವಷ್ಟರಲ್ಲಿ ಹಿಡಿದುಬಿಡಬೇಕು. ಒಳ್ಳೆಯ ಡಿಬಗರ್ ಆದರೆ ಗುಂಡಿಯ ಕೆಲಸವನ್ನು ತಾನೇ ಮಾಡುತ್ತದೆ. ಉಮಾಪತಿಯದು ಅಗ್ಗದ್ದು, ಅದರಲ್ಲಿ ಆ ತಂತಿ ಇರಲಿಲ್ಲ.

ಇದನ್ನು ಕೇಳಿ ಶೈಲಜಾ, "ಅಯ್ಯೋ, ಅದಾ! ಅದು ನಂಗೊತ್ತು" ಎಂದಳು. ಉಮಾಪತಿ ಲ್ಯಾಪ್‌ಟಾಪ್ ಮುಂದೆ ಕೂತರೆ ಗುಂಡಿ ಹಿಡಿಯುವ ಕೆಲಸ ಅವಳದಂತೆ. "ಒತ್ತು ಅಂತಿದ್ರು, ಒತ್ತುತಿದ್ದೆ. ಬಿಡು ಅಂದ್ರೆ ಬಿಡ್ತಿದ್ದೆ. ಒಂದ್ಸಲಾನೂ ತಪ್ಪಿಲ್ಲ ಸಾರ್. ಆಫೀಸಲ್ಲಿ ಇಂಥ ಒಳ್ಳೆ ರಿಸೆಟ್ ಪಿನ್ ಇಲ್ಲ ಅಂತ ರೇಗಿಸ್ತಿದ್ರು." ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡು ಹೆಬ್ಬೆರಳಿಟ್ಟಳು.

ನಾನು ಒತ್ತಿ ಎಂದೆ, ಬಿಡಿ ಎಂದೆ. ಕೆಂಪು ಸಾಲು. ಮತ್ತೆ ಮಾಡಿದೆವು. ಕೆಂಪು ಸಾಲು. ನನ್ನ ಮಾತು ತಡವಾಗುತ್ತಿತ್ತೋ ಅವಳ ಬೆರಳು ತಡವಾಗುತ್ತಿತ್ತೋ ತಿಳಿಯಲಿಲ್ಲ. ನಾನೊಬ್ಬನೇ ಎರಡೂ ಕೈಯಲ್ಲಿ ಮಾಡಲು ನೋಡಿದೆ, ಅದೂ ಆಗಲಿಲ್ಲ. ನಡುನಡುವೆ ತಂತಿ ಕಿತ್ತು ಬೋರ್ಡ್ ಆರಲು ಬಿಡಬೇಕಿತ್ತು. ಪ್ರತಿ ಸಲ ವಾಸನೆ ಸ್ವಲ್ಪ ಹೆಚ್ಚಾಗುತ್ತಿತ್ತು. ಶೈಲಜಾ ಒಮ್ಮೆ ತನಗೆ ತಾನೇ ಎಂಬಂತೆ, "ಅವ್ರು ಹೇಳೋ ಥರ ಬೇರೆ ಇತ್ತು" ಎಂದಳು.

ಅಷ್ಟರಲ್ಲಿ ಕರೆಂಟ್ ಹೋಯಿತು. ಫ್ಯಾನ್ ನಿಂತು ಹಾಲ್ ನಿಶ್ಶಬ್ದವಾಯಿತು. ಮೋಡದ ದಿನವಾದ್ದರಿಂದ ಕತ್ತಲೆಯೂ ಆಯಿತು. ಪೂರ್ತಿ ಕತ್ತಲೆಯಲ್ಲ, ಓದಲು ಕಷ್ಟವಾಗುವಷ್ಟು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತಿತ್ತು, ಬೋರ್ಡಿಗೆ ಕರೆಂಟ್ ಹೋಗುತ್ತಿದ್ದುದೂ ಅದರಿಂದಲೇ. ನಾನು ಸೆಟ್ಟಿಂಗ್ ಪುಟ ತೆರೆದು ಸಂಪರ್ಕದ ವೇಗವನ್ನು ಇಳಿಸುತ್ತಾ ಕೂತೆ. ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟೂ ಹೊತ್ತು ನನ್ನ ಕಣ್ಣು ಪರದೆಯ ಮೇಲೇ ಇತ್ತು. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಬೇರೆಯವರ ಬರಹವಾಗಿದ್ದರೆ ನಾನು ಕೈ ಹಾಕುತ್ತಿದ್ದುದು ಇಲ್ಲಿಗೇ.

ಸಿದ್ಧವಾದ ಮೇಲೆ ತಲೆ ಎತ್ತದೆ "ಒತ್ತಿ" ಎಂದೆ.

ಟಿಕ್ ಎಂದು ಗುಂಡಿ ಕೂತ ಸದ್ದು ಕೇಳಿಸಿತು. ಅದುವರೆಗೆ ಎಷ್ಟೋ ಸಲ ಕೇಳಿದ್ದ ಸದ್ದೇ. ಆಜ್ಞೆ ಕೊಟ್ಟು "ಬಿಡಿ" ಎಂದೆ. ಗುಂಡಿ ಮೇಲೆದ್ದ ಸದ್ದೂ ಬಂತು. ಕೆಂಪು ಸಾಲಿನ ಜಾಗದಲ್ಲಿ ಹಸಿರು ಸಾಲು ಬಂತು. ಚಿಪ್ ಸಿಕ್ಕಿತ್ತು.

"ಸಿಕ್ತು! ಅಲ್ಲಾಡಬೇಡಿ, ಬೋರ್ಡ್ ಮುಟ್ಟಬೇಡಿ, ಹಾಗೇ ಕೂತಿರಿ" ಎಂದೆ. ಪರದೆಯ ಆಚೆ ಯಾರೂ ಅಲ್ಲಾಡಲಿಲ್ಲ. ಓದಿ ತೆಗೆಯುವ ಆಜ್ಞೆ ಕೊಟ್ಟೆ. ಎಷ್ಟು ಓದಿ ಆಯಿತೆಂದು ತೋರಿಸುವ ಪಟ್ಟಿ ಪರದೆಯ ಮೇಲೆ ನಿಧಾನವಾಗಿ ತುಂಬುತ್ತಾ ಹೋಯಿತು. ಸುಟ್ಟ ವಾಸನೆ ಜೋರಾಯಿತು. ನಾನು ಅದರಿಂದ ಕಣ್ಣು ತೆಗೆಯಲಿಲ್ಲ. ಪಟ್ಟಿ ಪೂರ್ತಿಯಾಗಿ ಫೈಲ್ ಉಳಿದ ಗಳಿಗೆಗೆ ಸರಿಯಾಗಿ ಬೋರ್ಡ್ ಸತ್ತಿತು. ಅದು ಮತ್ತೆ ಏಳಲಿಲ್ಲ.

"ಏನಾಯ್ತು ಸಾರ್? ಏನೋ ಸುಟ್ಟ ವಾಸನೆ!"

ಧ್ವನಿ ಬಂದದ್ದು ಬೆನ್ನ ಹಿಂದಿನಿಂದ. ತಿರುಗಿದೆ. ಶೈಲಜಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಎರಡೂ ಕೈ ಮೊಣಕೈವರೆಗೆ ಒದ್ದೆ, ಬೆರಳಿಗೆ ಸೋಪಿನ ನೊರೆ. ಕರೆಂಟ್ ಹೋದಾಗಲೇ ಎದ್ದು ಅಡುಗೆಮನೆಯ ಆಚೆಗಿನ ಬಚ್ಚಲಿಗೆ ಹೋಗಿ ಅತ್ತೆಯ ಬಟ್ಟೆ ಒಗೆಯಲು ಶುರುಮಾಡಿದ್ದಳಂತೆ. "ನೀವು ಏನೋ ಓದ್ತಾ ಇದ್ರಿ, ಡಿಸ್ಟರ್ಬ್ ಮಾಡೋದು ಬೇಡ ಅಂತ ಹೋದೆ."

ನಾನು ಎದ್ದು ಪರದೆಯ ಆಚೆ ನೋಡಿದೆ. ಸ್ಟೂಲ್ ಖಾಲಿ. ಮೇಜಿನ ಮೇಲೆ ಬೋರ್ಡ್, ಅದರ ತಂತಿಗಳು, ಉಮಾಪತಿಯ ಬಿಸ್ಕತ್ ಡಬ್ಬಿ. ಬೇರೇನೂ ಇಲ್ಲ.

"ಈಗ ಗುಂಡಿ ಹಿಡಿದಿದ್ದು ನೀವಲ್ವಾ?" ಎಂದು ಕೇಳಿದೆ. ಕೈಯ ನೊರೆ ನೋಡಿದ ಮೇಲೂ ಕೇಳಿದೆ. ಅವಳು ಸ್ಟೂಲನ್ನು ನೋಡಿದಳು. ಆಮೇಲೆ ಕೈಯನ್ನು ಸೆರಗಿಗೆ ಒರೆಸಿಕೊಂಡು, "ಸಿಕ್ತಾ ಸಾರ್?" ಎಂದಷ್ಟೇ ಕೇಳಿದಳು. ಸಿಕ್ಕಿತು ಎಂದೆ.

ಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಹಾಲ್‌ನಲ್ಲಿ ಇದ್ದವರು ನಾನು ಮತ್ತು ಮಂಚ ಬಿಟ್ಟು ಏಳಲಾರದ ಪಾರ್ವತಮ್ಮ. ನಾನು ಯಾರನ್ನೂ ನೋಡಲಿಲ್ಲ. ತಣ್ಣನೆ ಗಾಳಿ ಬೀಸಲಿಲ್ಲ, ಮೈ ಜುಮ್ಮೆನ್ನಲಿಲ್ಲ. ಎರಡು ಸಣ್ಣ ಸದ್ದು ಕೇಳಿದೆ, ಪರದೆಯ ಮೇಲೆ ಹಸಿರು ಸಾಲು ನೋಡಿದೆ. ನನ್ನ ಸಾಕ್ಷ್ಯ ಇಷ್ಟೇ.

ಮರುದಿನ ರಮೇಶನಿಗೆ ಎಲ್ಲ ಹೇಳಿದೆ. ಅವನು ಮೊದಲು ನಕ್ಕ. "ಗುರು, ನಿಂಗೆ ಡೆಸ್ಕ್ ಕೆಲಸ ಜಾಸ್ತಿ ಆಗಿದೆ, ಎರಡು ದಿನ ರಜೆ ಹಾಕು." ಆಮೇಲೆ ಯೋಚಿಸಿ ವಿವರಣೆ ಕೊಟ್ಟ. ಕೆಟ್ಟುಹೋಗುತ್ತಿದ್ದ ಭಾಗದಲ್ಲಿ ವೋಲ್ಟೇಜ್ ಕುಸಿದು ಚಿಪ್ ತಾನಾಗಿ ರಿಸೆಟ್ ಆಗಿರಬಹುದು. ಅದೇ ಗಳಿಗೆಗೆ ನನ್ನ ಆಜ್ಞೆ ತಾಗಿರಬಹುದು. ಅಪರೂಪ, ಆದರೆ ಆಗದ್ದೇನಲ್ಲ. ಈ ವಿವರಣೆಯನ್ನು ನಾನು ಒಪ್ಪುತ್ತೇನೆ. ಟಿಕ್ ಎಂಬ ಸದ್ದು? "ನಿನ್ನ ಮೌಸ್‌ದೇ ಇರುತ್ತೆ ಬಿಡೋ" ಎಂದ. ಆ ದಿನ ನಾನು ಮೌಸ್ ಬಳಸಿರಲಿಲ್ಲ. ಹಾಗೆಂದು ಹೇಳಿದಾಗ ಅವನು ಬೇರೆ ಮಾತು ತೆಗೆದ.

ಭಾನುವಾರಕ್ಕೆ ಮರಳುತ್ತೇನೆ, ಏಕೆಂದರೆ ಅದು ಅಲ್ಲಿಗೇ ಮುಗಿಯಲಿಲ್ಲ. ಕರೆಂಟ್ ಬಂತು. ಹೊಸ ಬೋರ್ಡಿಗೆ ಫೈಲ್ ತುಂಬಿದೆ. ಅದು ಹೊಸ ಚಿಪ್, ಮೊದಲ ಸಲಕ್ಕೇ ಸಿಕ್ಕಿತು. ಪೆಟ್ಟಿಗೆಯೊಳಗೆ ಕೂರಿಸಿ, ಹಳೆಯ ಪಟ್ಟಿಗಳಿಗೇ ಜೋಡಿಸಿದೆ. ಶೈಲಜಾ ಅತ್ತೆಯ ಕೈಯನ್ನು ಎತ್ತಿ ಅದರ ಮೇಲಿಟ್ಟಳು. ಬೆರಳುಗಳು ನಡುಗುತ್ತಿದ್ದವು. ಪೆಟ್ಟಿಗೆ ಸುಮ್ಮನಿತ್ತು. ನಡುಕವನ್ನು ಅದು ಗುರುತಿಸಿತ್ತು. ನಾವಿಬ್ಬರೂ ಕಾದೆವು. ಪಾರ್ವತಮ್ಮ ನಮ್ಮನ್ನು ನೋಡುತ್ತಿರಲಿಲ್ಲ.

ಅಡುಗೆಮನೆಯಲ್ಲಿ ನೀರಿನ ಪಟ್ಟಿಯ ಸದ್ದು ಬಂತು.

ಶೈಲಜಾ ಓಡಿದಳು. ಲೋಟ, ಚಮಚ ತಂದು ಮಂಚದ ಅಂಚಿಗೆ ಕೂತಳು. "ಕುಡೀರಿ ಅತ್ತೆ, ಸರಿ ಆಯ್ತು ನೋಡಿ, ಇನ್ನ ಎಷ್ಟ್ ಸಲ ಬೇಕಾದ್ರೂ ಕರೀರಿ." ಪಾರ್ವತಮ್ಮ ತುಟಿ ಬಿಗಿಹಿಡಿದರು. ಚಮಚದ ನೀರು ಗಲ್ಲದ ಮೇಲೆ ಇಳಿಯಿತು. ಅವಳು ಒರೆಸುತ್ತಿರುವಾಗಲೇ ಮತ್ತೆ ನೀರಿನ ಸದ್ದು. ಮತ್ತೆ ಚಮಚ ತಂದಳು. ಮತ್ತೆ ತುಟಿ ಬಿಗಿಯಾಯಿತು. ಪೆಟ್ಟಿಗೆ ತಪ್ಪುತ್ತಿದೆ ಎಂದುಕೊಂಡು ನಾನು ಬಗ್ಗಿ ನೋಡಿದೆ. ತಪ್ಪಿರಲಿಲ್ಲ. ಬೆರಳು ನಡುಗುತ್ತಲೇ ಬಂದು ಪಟ್ಟಿಯ ಮೇಲೆ ನಿಂತು, ಒತ್ತಿ, ಏಳುತ್ತಿತ್ತು. ಮೂರನೇ ಸಲವೂ ನೀರು.

ಆಗ ಶೈಲಜಾ ಅತ್ತೆಯ ಕಣ್ಣು ಎಲ್ಲಿದೆ ಎಂದು ನೋಡಿದಳು. ನಾನೂ ನೋಡಿದೆ. ಮೇಜಿನ ಆಚೆ, ಸ್ಟೂಲಿನ ಮೇಲೆ.

"ಇದು ಅತ್ತೆಗಲ್ಲ ಸಾರ್" ಎಂದಳು.

ಹಾವೇರಿ ಕಡೆಯ ಮನೆಗಳಲ್ಲಿ ಹೊರಗಿನಿಂದ ಬಂದವರ ಕೈಗೆ ಮೊದಲು ನೀರು ಕೊಡುತ್ತಾರೆ. ಬಂದವರು ಮನೆಯವರೇ ಆದರೂ ಅಷ್ಟೇ. ಮಾತು ಆಮೇಲೆ. ಇದು ನನಗೆ ಗೊತ್ತಿತ್ತು. ಪಾರ್ವತಮ್ಮ ಹೌದು ಎನ್ನಲು ಕಣ್ಣು ಮುಚ್ಚಿ ತೆರೆಯುತ್ತಿದ್ದರು, ಅಲ್ಲ ಎನ್ನಲು ದೃಷ್ಟಿ ಬೇರೆಡೆ ಹೊರಳಿಸುತ್ತಿದ್ದರು. ಒಂದೇ ಪ್ರಶ್ನೆ ಕೇಳಬಹುದಿತ್ತು. ಅದು ನನ್ನ ನಾಲಗೆಯ ಮೇಲೂ ಬಂತು. ಶೈಲಜಾ ನನ್ನ ಮುಖ ನೋಡಿ, "ಕೇಳಬೇಡಿ ಸಾರ್" ಎಂದಳು.

ಅವಳು ಎದ್ದು ಲೋಟವನ್ನು ಮೇಜಿನ ಮೇಲೆ, ಸ್ಟೂಲಿನ ಎದುರಿಗೆ ಇಟ್ಟಳು. ಸ್ಟೂಲನ್ನು ಮುಟ್ಟಲಿಲ್ಲ, ಅದರ ಸುತ್ತ ಹಾದು ಬಂದಳು. ಮಂಚದಲ್ಲಿ ಬೆರಳು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ನೀರಿನ ಸದ್ದು ಬಂತು. ಶೈಲಜಾ ಇನ್ನೊಂದು ಲೋಟ ತಂದಳು. ಈ ಸಲ ಪಾರ್ವತಮ್ಮ ಬಾಯಿ ತೆರೆದರು. ಚಮಚ ಚಮಚವಾಗಿ ಲೋಟ ಖಾಲಿಯಾಗುವವರೆಗೂ ಕುಡಿದರು.

ನಾನು ಅಲ್ಲಿಂದ ಏಳುವಾಗ ದೀಪ ಹಚ್ಚುವ ಹೊತ್ತಾಗಿತ್ತು. ಹೊರಡುವ ಮುಂಚೆ ಮೇಜಿನ ಹತ್ತಿರ ಹೋಗಿ ಮೊದಲನೇ ಲೋಟವನ್ನು ಬಗ್ಗಿ ನೋಡಿದೆ. ಶೈಲಜಾ ನಾನು ನೋಡುವುದನ್ನು ನೋಡಿದಳು, ಬೇಡ ಎನ್ನಲಿಲ್ಲ. ನೀರು ಇಟ್ಟ ಹಾಗೇ ಇತ್ತು. ಹನಿಯೂ ಕಡಿಮೆಯಾಗಿರಲಿಲ್ಲ. ಅದನ್ನೂ ದಾಖಲಿಸಬೇಕು.